ಬಂಡೆಯಲ್ಲಿ ಕಡೆದ ಊರು

ಮಕ್ಕಳೇ, ನಿಮ್ಮ ತರಗತಿಯ ಗೋಡೆಯ ಮೇಲೆ ಏಷ್ಯಾ ಖಂಡದ ಭೂಪಟ ಇದೆಯಲ್ಲವೇ? ಅದರ ಮುಂದೆ ನಿಂತು ಮುಂಬಯಿಯ ಮೇಲೆ ಬೆರಳಿಡಿರಿ. ಅಲ್ಲಿಂದ ಅರಬ್ಬೀ ಸಮುದ್ರವನ್ನು ದಾಟಿ, ಅರೇಬಿಯದ ಮರುಭೂಮಿಯನ್ನೂ ದಾಟಿ ವಾಯವ್ಯಕ್ಕೆ ಬೆರಳನ್ನು ಸರಿಸುತ್ತ ಹೋದರೆ ಜೋರ್ಡಾನ್ ಎಂಬ ಚಿಕ್ಕ ದೇಶ ಸಿಗುತ್ತದೆ. ಆ ದೇಶದ ದಕ್ಷಿಣದ ಬೆಟ್ಟಗಳ ನಡುವೆ ಪೆಟ್ರಾ ಎಂಬ ಹಾಳೂರು ಇದೆ. ಪೆಟ್ರಾ ಎಂದರೆ ಗ್ರೀಕ್ ಭಾಷೆಯಲ್ಲಿ ಬಂಡೆ ಎಂದರ್ಥ.

ಇಂದು ನಾವು ಆ ಊರನ್ನು ದಿನವಿಡೀ ನಡೆದು ನೋಡೋಣ. ತಲೆಗೆ ಟೊಪ್ಪಿಗೆ ಇರಲಿ. ಬುತ್ತಿ ಕಟ್ಟಿಕೊಳ್ಳಿರಿ, ಜೋಳದ ರೊಟ್ಟಿ, ಶೇಂಗಾ ಚಟ್ನಿ ಇದ್ದರೆ ಸಾಕು, ಬಿಸಿಲಿಗೆ ಕೆಡುವುದಿಲ್ಲ. ನೀರನ್ನು ಮಾತ್ರ ಮರೆಯಬೇಡಿರಿ. ಅಲ್ಲಿ ಇಡೀ ವರ್ಷಕ್ಕೆ ಬೀಳುವ ಮಳೆ ಸುಮಾರು 15 ಸೆಂಟಿಮೀಟರ್ ಮಾತ್ರ. ಬರದ ನಾಡೆಂದು ನಾವು ಹೇಳಿಕೊಳ್ಳುವ ಸೋಲಾಪುರದ ಕಡೆಗೂ ಸರಾಸರಿ ಇದರ ಮೂರು ಪಟ್ಟಿಗಿಂತ ಹೆಚ್ಚು ಮಳೆಯಾಗುತ್ತದೆ. ಅಂಥ ಜಾಗದಲ್ಲಿ ಎರಡು ಸಾವಿರ ವರ್ಷಗಳ ಹಿಂದೆ ಸಾವಿರಾರು ಜನರ ಒಂದು ರಾಜಧಾನಿ ಇತ್ತು. ಅವರು ಏನು ಕುಡಿಯುತ್ತಿದ್ದರು? ಈ ಪ್ರಶ್ನೆಯನ್ನು ನೆನಪಿನಲ್ಲಿಟ್ಟುಕೊಂಡೇ ನಡೆಯಿರಿ.

ಪೆಟ್ರಾದ ಬಾಗಿಲು ಬೆಳಿಗ್ಗೆ ಆರು ಗಂಟೆಗೆ ತೆರೆಯುತ್ತದೆ. ಆಗ ನಮ್ಮಲ್ಲಿ ಎಂಟೂವರೆ. ನೀವು ಶಾಲೆಗೆ ಹೊರಡುವ ಸಿದ್ಧತೆಯಲ್ಲಿರುತ್ತೀರಿ. ಬಾಗಿಲಿನ ಬಳಿಯ ಊರಿನ ಹೆಸರು ವಾದಿ ಮೂಸಾ, ಅಂದರೆ ಮೂಸಾನ ಕಣಿವೆ. ಅಲ್ಲಿಂದ ಬಯಲಿನಲ್ಲಿ ಸ್ವಲ್ಪ ದೂರ ನಡೆದರೆ ಎದುರಿಗೆ ದೊಡ್ಡ ಬೆಟ್ಟ ಅಡ್ಡ ಬರುತ್ತದೆ. ದಾರಿ ಮುಗಿಯಿತೇ ಎನ್ನುವಷ್ಟರಲ್ಲಿ ಬೆಟ್ಟದಲ್ಲಿ ಒಂದು ಬಿರುಕು ಕಾಣುತ್ತದೆ. ಅದೇ ಊರಿನ ಹೆಬ್ಬಾಗಿಲು. ಅದನ್ನು ‘ಸೀಕ್’ ಎಂದು ಕರೆಯುತ್ತಾರೆ.

ಸೀಕ್ ಸುಮಾರು 1.2 ಕಿಲೋಮೀಟರ್ ಉದ್ದದ ಓಣಿ. ಕೆಲವೆಡೆ ಅದರ ಅಗಲ ಮೂರು ಮೀಟರ್ ಅಷ್ಟೇ. ಎರಡೂ ಬದಿಗೆ ಕೆಂಪು ಮರಳುಗಲ್ಲಿನ ಗೋಡೆಗಳು ಮುಗಿಲಿಗೆ ಏರಿವೆ. ಕತ್ತೆತ್ತಿ ನೋಡಿದರೆ ಆಕಾಶ ಒಂದು ನೀಲಿ ರಿಬ್ಬನ್ನಿನಂತೆ ಕಾಣುತ್ತದೆ. ಹೊರಗೆ ಬಿಸಿಲು ಸುಡುತ್ತಿದ್ದರೂ ಇಲ್ಲಿ ತಂಪು. ಮಾತನಾಡಿದರೆ ದನಿ ಮರಳಿ ಬರುತ್ತದೆ.

ಈಗ ಗೋಡೆಯ ಬುಡದತ್ತ ನೋಡಿರಿ. ಸೊಂಟದೆತ್ತರದಲ್ಲಿ ಉದ್ದಕ್ಕೂ ಒಂದು ಕಾಲುವೆ ಕಡೆದಿದ್ದಾರೆ, ಕಂಡಿತೇ? ಎದುರು ಗೋಡೆಯಲ್ಲಿ ಮಣ್ಣಿನ ಕೊಳವೆಗಳ ತುಂಡುಗಳು ಇನ್ನೂ ಇವೆ. ಕುಂಬಾರರು ಸುಟ್ಟು ಮಾಡಿದ ಕೊಳವೆಗಳನ್ನು ಒಂದರ ಬಾಯಿಗೆ ಇನ್ನೊಂದನ್ನು ಸೇರಿಸಿ, ಸುಣ್ಣದ ಗಾರೆ ಮೆತ್ತಿ, ದೂರದ ಬುಗ್ಗೆಯ ನೀರನ್ನು ಊರಿಗೆ ತಂದರು. ಇಳಿಜಾರು ಹೆಚ್ಚಾದರೆ ನೀರು ರಭಸದಿಂದ ನುಗ್ಗಿ ಕೊಳವೆ ಒಡೆಯುತ್ತದೆ, ಕಡಿಮೆಯಾದರೆ ನೀರು ಮುಂದೆ ಹೋಗುವುದೇ ಇಲ್ಲ. ಆ ಲೆಕ್ಕ ಅವರಿಗೆ ತಿಳಿದಿತ್ತು. ನಡುನಡುವೆ ಕೆಸರು ತಳಕ್ಕಿಳಿಯಲೆಂದು ಚಿಕ್ಕ ತೊಟ್ಟಿಗಳನ್ನೂ ಮಾಡಿದ್ದರು.

ಇದನ್ನೆಲ್ಲ ಮಾಡಿದವರು ನಬಾತಿಯನ್ನರು ಎಂಬ ಅರಬ್ ಜನ. ಮೊದಲು ಅವರು ಗುಡಾರಗಳಲ್ಲಿದ್ದು ಒಂಟೆ, ಕುರಿಗಳನ್ನು ಸಾಕಿಕೊಂಡಿದ್ದರು. ಮಳೆಯ ನೀರನ್ನು ನೆಲದಡಿಯ ತೊಟ್ಟಿಗಳಲ್ಲಿ ಬಚ್ಚಿಡುವ ವಿದ್ಯೆ ಅವರದು. ತೊಟ್ಟಿಯ ಬಾಯಿ ಚಿಕ್ಕದು, ಒಳಗೆ ಹೋದಂತೆ ಅಗಲ. ಬಾಯಿಯನ್ನು ಮುಚ್ಚಿ ತಮಗಷ್ಟೇ ತಿಳಿಯುವ ಗುರುತು ಇಡುತ್ತಿದ್ದರೆಂದು ಪ್ರಾಚೀನ ಗ್ರೀಕ್ ಇತಿಹಾಸಕಾರ ಡಯೊಡೋರಸ್ ಬರೆದಿದ್ದಾನೆ. ನಿಮ್ಮ ಅಜ್ಜನನ್ನು ಕೇಳಿದರೆ ಜೋಳ ತುಂಬಿಡುತ್ತಿದ್ದ ಹಗೇವಿನ ವಿಷಯ ಹೇಳಿಯಾರು. ಅದರ ಆಕಾರವೂ ಹೀಗೆಯೇ. ನಾವು ನೆಲದಲ್ಲಿ ಕಾಳು ಇಟ್ಟೆವು, ಅವರು ನೀರು ಇಟ್ಟರು. ಶತ್ರುಗಳು ಬೆನ್ನಟ್ಟಿ ಬಂದರೆ ನಬಾತಿಯನ್ನರು ಮರುಭೂಮಿಯೊಳಗೆ ಹೋಗಿಬಿಡುತ್ತಿದ್ದರು. ನೀರು ಎಲ್ಲಿದೆಯೆಂದು ತಿಳಿಯದ ಶತ್ರು ಹಿಂದಿರುಗಲೇಬೇಕಿತ್ತು.

ಮುಂದೆ ದಕ್ಷಿಣ ಅರೇಬಿಯದಿಂದ ಬರುತ್ತಿದ್ದ ಧೂಪದ ಅಂಟು, ಭಾರತದ ಸಂಬಾರ ಪದಾರ್ಥಗಳು ಇವರ ಒಂಟೆಗಳ ಮೇಲೆ ಸಾಗಿ ಸಮುದ್ರ ತೀರ ಸೇರುತ್ತಿದ್ದವು. ಅಲ್ಲಿಂದ ರೋಮಿಗೆ. ಈ ವ್ಯಾಪಾರದಿಂದ ಪೆಟ್ರಾ ಶ್ರೀಮಂತವಾಯಿತು. ಸೀಕಿನ ಗೋಡೆಯಲ್ಲಿ ಒಂದು ಒಂಟೆಯ ಸಾಲನ್ನೂ ಕೆತ್ತಿದ್ದಾರೆ. ಮೇಲಿನ ಭಾಗ ಸವೆದುಹೋಗಿದೆ. ಒಂಟೆಯ ಕಾಲುಗಳು, ಹಗ್ಗ ಹಿಡಿದು ನಡೆಯುವವನ ಪಾದಗಳು ಉಳಿದಿವೆ.

ಓಣಿ ಒಮ್ಮೆಲೇ ಮುಗಿಯುತ್ತದೆ. ಕತ್ತಲ ಬಿರುಕಿನ ಆಚೆ ಗುಲಾಬಿ ಬಣ್ಣದ ಕಂಬವೊಂದು ಹೊಳೆಯುತ್ತದೆ. ಇನ್ನೆರಡು ಹೆಜ್ಜೆ ಇಟ್ಟರೆ ಇಡೀ ಕಟ್ಟಡ! ಸುಮಾರು 40 ಮೀಟರ್ ಎತ್ತರ. ನೀವು ನಗರದಲ್ಲಿ ನೋಡಿರುವ ಹನ್ನೆರಡು ಮಹಡಿಯ ಕಟ್ಟಡದಷ್ಟು. ಕಂಬ, ಮೂರ್ತಿ, ಬಾಗಿಲು, ಎಲ್ಲವೂ ಒಂದೇ ಬೆಟ್ಟದ ಕಲ್ಲು. ಇದರ ಹೆಸರು ‘ಅಲ್ ಖಜ್ನೆ’. ಕೇಳಿದ ಹೆಸರಿನಂತೆ ಇದೆಯಲ್ಲವೇ? ನಾವು ಹೇಳುವ ‘ಖಜಾನೆ’ಯೂ ಅರಬ್ಬೀ ಭಾಷೆಯಿಂದಲೇ ಬಂದ ಮಾತು.

ಇದು ನಿಜವಾಗಿ ಖಜಾನೆ ಆಗಿರಲಿಲ್ಲ. ಯಾವನೋ ರಾಜನ ಸಮಾಧಿ ಇರಬೇಕೆಂದು ವಿದ್ವಾಂಸರು ಹೇಳುತ್ತಾರೆ. ತುದಿಯಲ್ಲಿರುವ ಕಲ್ಲಿನ ಕೊಡವನ್ನು ನೋಡಿರಿ. ಅದರೊಳಗೆ ಚಿನ್ನ ಇದೆಯೆಂದು ನಂಬಿದ ಜನ ಬಂದೂಕಿನಿಂದ ಹೊಡೆದು ಒಡೆಯಲು ನೋಡಿದರು. ಗುಂಡಿನ ಗುರುತುಗಳು ಈಗಲೂ ಇವೆ. ಕೊಡವೆಲ್ಲ ಗಟ್ಟಿ ಕಲ್ಲು! ಚಿನ್ನಕ್ಕಾಗಿ ಮೇಲೆ ನೋಡಿದವರಿಗೆ ಕಾಲಡಿಯಲ್ಲಿ ಏನಿದೆ ಎಂದು ಗೊತ್ತಿರಲಿಲ್ಲ. 2003ರಲ್ಲಿ ಅಂಗಳದ ಕೆಳಗೆ ಸಮಾಧಿಗಳು ಸಿಕ್ಕವು. 2024ರಲ್ಲಿ ಇನ್ನೊಂದು ಸಮಾಧಿಯಲ್ಲಿ 12 ಜನರ ಅಸ್ಥಿಪಂಜರಗಳು ಕಂಡುಬಂದವು.

ಇಷ್ಟು ಎತ್ತರದ ಕಲ್ಲನ್ನು ಹೇಗೆ ಕಡೆದರು? ಪೆಟ್ರಾದಲ್ಲಿ ಅರ್ಧಕ್ಕೇ ಬಿಟ್ಟ ಒಂದು ಸಮಾಧಿ ಇದೆ. ಅದರ ಮೇಲ್ಭಾಗದ ಕೆತ್ತನೆ ಆಗಿದೆ, ಕೆಳಗೆ ಇನ್ನೂ ಬರಿಯ ಬಂಡೆ. ಅಂದರೆ ಶಿಲ್ಪಿಗಳು ಮೇಲಿನಿಂದ ಕೆಳಕ್ಕೆ ಕಡೆಯುತ್ತ ಬಂದರು. ನಮ್ಮ ರಾಜ್ಯದ ಎಲ್ಲೋರಾದಲ್ಲಿರುವ ಕೈಲಾಸನಾಥ ದೇವಾಲಯವನ್ನೂ ಹೀಗೆ ಮೇಲಿನಿಂದಲೇ ಕಡೆದಿದ್ದಾರೆ. ಅದು ಎಂಟನೆಯ ಶತಮಾನದಲ್ಲಿ ರಾಷ್ಟ್ರಕೂಟರ ದೊರೆ ಒಂದನೆಯ ಕೃಷ್ಣನ ಕಾಲದ್ದು. ಆದರೆ ಒಂದು ವ್ಯತ್ಯಾಸ ಉಂಟು. ಪೆಟ್ರಾದಲ್ಲಿ ಬೆಟ್ಟದ ಮುಖವನ್ನಷ್ಟೇ ಕಡೆದರು. ಹಿಂದೆ ಇರುವುದು ಬರಿಯ ಕೋಣೆಗಳು. ಎಲ್ಲೋರಾದಲ್ಲಿ ಸುತ್ತಲ ಬಂಡೆಯನ್ನೆಲ್ಲ ತೆಗೆದು ದೇವಾಲಯವನ್ನು ಬಿಡಿಸಿ ನಿಲ್ಲಿಸಿದರು. ನನ್ನನ್ನು ಕೇಳಿದರೆ ನಮ್ಮವರದೇ ಹೆಚ್ಚಿನ ಕೆಲಸ ಎನ್ನುತ್ತೇನೆ. ನೀವು ಎಲ್ಲೋರಾಕ್ಕೆ ಸಹಲಿಗೆ ಹೋದಾಗ ನೋಡಿ ನಿರ್ಧರಿಸಿರಿ.

ಮುಂದೆ ನಡೆಯೋಣ. ಎಡಕ್ಕೆ ಬಂಡೆಯಲ್ಲೇ ಮೆಟ್ಟಿಲು ಮೆಟ್ಟಿಲಾಗಿ ಕಡೆದ ನಾಟ್ಯಶಾಲೆ ಇದೆ. ಸಾವಿರಾರು ಜನ ಕುಳಿತುಕೊಳ್ಳಬಹುದಿತ್ತು. ಅದನ್ನು ಮಾಡುವಾಗ ಹಳೆಯ ಸಮಾಧಿಗಳನ್ನೂ ಕತ್ತರಿಸಿಬಿಟ್ಟಿದ್ದಾರೆ! ಬಲಗಡೆಯ ಬೆಟ್ಟದಲ್ಲಿ ರಾಜರ ಸಮಾಧಿಗಳಿವೆ. ಅಲ್ಲಿನ ಕಲ್ಲಿನಲ್ಲಿ ಕೆಂಪು, ಹಳದಿ, ಬಿಳಿ, ನೇರಳೆ ಗೆರೆಗಳು ಇಳಕಲ್ ಸೀರೆಯ ಸೆರಗಿನಂತೆ ಕಾಣುತ್ತವೆ. ಕಬ್ಬಿಣವೇ ಮೊದಲಾದ ಖನಿಜಗಳಿಂದ ಬಂದ ಬಣ್ಣ ಇದು.

ನೀವು ಇಲ್ಲೊಂದು ಪ್ರಶ್ನೆ ಕೇಳಬೇಕು. ಎಲ್ಲವೂ ಸಮಾಧಿಗಳಾದರೆ ಜನರ ಮನೆಗಳು ಎಲ್ಲಿ? ಮನೆಗಳನ್ನು ಕಲ್ಲು ಜೋಡಿಸಿ ಕಟ್ಟಿದ್ದರು. ಕ್ರಿ.ಶ. 363ರಲ್ಲಿ ದೊಡ್ಡ ಭೂಕಂಪವಾಗಿ ಊರಿನ ಬಹುಭಾಗ ನೆಲಸಮವಾಯಿತು. ಬೆಟ್ಟದಲ್ಲಿ ಕಡೆದದ್ದು ಉಳಿಯಿತು. ಅದಕ್ಕೂ ಮೊದಲೇ, ಕ್ರಿ.ಶ. 106ರಲ್ಲಿ, ಪೆಟ್ರಾ ರೋಮನ್ನರ ವಶವಾಗಿತ್ತು. ವ್ಯಾಪಾರವೂ ಮೆಲ್ಲಗೆ ಸಮುದ್ರದ ದಾರಿ ಹಿಡಿದಿತ್ತು. ಆದರೂ ಊರು ಒಮ್ಮೆಲೇ ಬರಿದಾಗಲಿಲ್ಲ. 1993ರಲ್ಲಿ ಇಲ್ಲಿನ ಹಳೆಯ ಚರ್ಚಿನ ಅವಶೇಷಗಳಲ್ಲಿ ಸುಟ್ಟು ಕರಿಯಾದ ಸುಮಾರು 140 ಪಪೈರಸ್ ಸುರುಳಿಗಳು ದೊರೆತವು. ಆರನೆಯ ಶತಮಾನದ ಜನ ತಮ್ಮ ಹೊಲ, ಮನೆ, ಮದುವೆ, ಆಸ್ತಿಯ ಪಾಲುಗಳ ವಿಷಯ ಅವುಗಳಲ್ಲಿ ಬರೆಸಿಟ್ಟಿದ್ದರು.

ಸ್ವಿಟ್ಜರ್ಲೆಂಡಿನ ಬರ್ಕ್‌ಹಾರ್ಟ್ ಎಂಬಾತ 1812ರಲ್ಲಿ ಅರಬರ ವೇಷ ಹಾಕಿಕೊಂಡು ಇಲ್ಲಿಗೆ ಬಂದ. ಹತ್ತಿರದ ಬೆಟ್ಟದ ಗೋರಿಗೆ ಆಡಿನ ಹರಕೆ ಒಪ್ಪಿಸಬೇಕೆಂದು ನೆವ ಹೇಳಿ ಒಳಗೆ ನುಸುಳಿದ. ಅವನೇ ಪೆಟ್ರಾವನ್ನು ಕಂಡುಹಿಡಿದನೆಂದು ಹಲವು ಪುಸ್ತಕಗಳಲ್ಲಿ ಬರೆದಿರುತ್ತಾರೆ. ಅವನಿಗೆ ದಾರಿ ತೋರಿಸಿದವನಿಗೆ ಊರು ಮೊದಲೇ ಗೊತ್ತಿತ್ತಲ್ಲವೇ?

ಅಲ್ಲಿನ ಬೆದೂಯಿನ್ ಜನ ಈ ಗವಿಗಳಲ್ಲೇ ವಾಸವಾಗಿದ್ದರು. ಪೆಟ್ರಾ 1985ರಲ್ಲಿ ವಿಶ್ವ ಪರಂಪರೆಯ ತಾಣವಾಯಿತು. ಅದೇ ಸುಮಾರಿಗೆ ಸರಕಾರವು ಅವರಿಗೆ ಹತ್ತಿರದಲ್ಲಿ ಹೊಸ ಊರು ಕಟ್ಟಿಸಿ ಸ್ಥಳಾಂತರಿಸಿತು. ಅಣೆಕಟ್ಟಿನ ನೀರಿಗೆ ಊರು ಬಿಟ್ಟವರ ಮನೆಯ ಮಕ್ಕಳು ನಿಮ್ಮಲ್ಲಿದ್ದರೆ, ಹಳೆಯ ಮನೆಯ ಮಾತು ಬಂದಾಗ ಅಜ್ಜಿ ಸುಮ್ಮನಾಗುವುದನ್ನು ನೋಡಿರುತ್ತೀರಿ. ಈಗ ಅವರಲ್ಲಿ ಹಲವರು ಚಹಾ ಮಾರುತ್ತಾರೆ, ಕತ್ತೆಗಳನ್ನು ಬಾಡಿಗೆಗೆ ಕೊಡುತ್ತಾರೆ. ನಿಮ್ಮ ವಯಸ್ಸಿನ ಮಕ್ಕಳು ಬಣ್ಣದ ಕಲ್ಲು ಹಿಡಿದು ಎದುರು ಬಂದಾರು. ಮಕ್ಕಳಿಂದ ಏನನ್ನೂ ಕೊಳ್ಳಬೇಡಿರಿ ಎಂಬ ಫಲಕಗಳು ಅಲ್ಲಿವೆ. ಕೊಂಡರೆ ಅವರು ನಾಳೆಯೂ ಶಾಲೆ ಬಿಟ್ಟು ಇಲ್ಲಿಗೇ ಬರುತ್ತಾರೆ.

ಬುತ್ತಿ ಮುಗಿಯಿತೇ? ಇನ್ನು 800ಕ್ಕೂ ಹೆಚ್ಚು ಮೆಟ್ಟಿಲು ಏರುವುದಿದೆ. ನಿಧಾನವಾಗಿ ಏರಿರಿ, ನೆರಳು ಸಿಕ್ಕಲ್ಲಿ ಕೂಡಿರಿ. ಮೇಲೆ ‘ಅದ್ ದೇರ್’ ಎಂಬ ಕಟ್ಟಡವಿದೆ. ಅದು ಖಜ್ನೆಗಿಂತಲೂ ದೊಡ್ಡದು. ಅದರ ಬಾಗಿಲಲ್ಲಿ ನಿಂತ ಮನುಷ್ಯ ಬಾವಿಯ ದಡದಲ್ಲಿ ಕುಳಿತ ಗುಬ್ಬಿಯಂತೆ ಕಾಣುತ್ತಾನೆ.

ಇಳಿದು ಹಿಂದಿರುಗುವಾಗ ಮತ್ತೆ ಅದೇ ಸೀಕ್. ಅದರ ಬಾಯಿಯಲ್ಲಿ ಒಂದು ಒಡ್ಡು ಇದೆ. ಬೆಳಿಗ್ಗೆ ಅವಸರದಲ್ಲಿ ನೋಡಲಿಲ್ಲ. ಮಳೆ ಕಡಿಮೆಯಾದರೂ ಬಿದ್ದಾಗ ಒಮ್ಮೆಲೇ ಬೀಳುತ್ತದೆ. ಬರಿಗಲ್ಲಿನ ಬೆಟ್ಟ ನೀರನ್ನು ಹೀರುವುದಿಲ್ಲ. ಆ ನೀರು ಓಣಿಗೆ ನುಗ್ಗದಿರಲೆಂದು ನಬಾತಿಯನ್ನರು ಒಡ್ಡು ಹಾಕಿ, ಪಕ್ಕದ ಬೆಟ್ಟದಲ್ಲಿ ಸುಮಾರು 88 ಮೀಟರ್ ಸುರಂಗ ಕೊರೆದು ನೀರನ್ನು ಬೇರೆ ಕಡೆಗೆ ತಿರುಗಿಸಿದ್ದರು. ಕಾಲಾಂತರದಲ್ಲಿ ಒಡ್ಡು ಹಾಳಾಯಿತು. ಯಾರೂ ಅದನ್ನು ಲಕ್ಷಿಸಲಿಲ್ಲ. 1963ರಲ್ಲಿ ಹಠಾತ್ತಾಗಿ ಪ್ರವಾಹ ಬಂದು ಸೀಕಿನಲ್ಲಿದ್ದ ಇಪ್ಪತ್ತಕ್ಕೂ ಹೆಚ್ಚು ಪ್ರವಾಸಿಗರು ಸತ್ತರು. ಅನಂತರ ಹಳೆಯ ಜಾಗದಲ್ಲೇ ಒಡ್ಡನ್ನು ಮತ್ತೆ ಕಟ್ಟಿದರು. 2018ರ ನವೆಂಬರಿನಲ್ಲೂ ಪ್ರವಾಹ ಬಂತು. ಆಗ ಮೂರು ಸಾವಿರಕ್ಕೂ ಹೆಚ್ಚು ಪ್ರವಾಸಿಗರನ್ನು ಅವಸರದಿಂದ ಹೊರಗೆ ಕರೆತಂದರು.

ಸುರಂಗ ಮಾತ್ರ ಎರಡು ಸಾವಿರ ವರ್ಷಗಳ ಹಿಂದಿನದೇ.

ಅಭ್ಯಾಸ

1. ಶತ್ರುಗಳು ನಬಾತಿಯನ್ನರನ್ನು ಮರುಭೂಮಿಯಲ್ಲಿ ಹಿಂಬಾಲಿಸಲು ಏಕೆ ಆಗುತ್ತಿರಲಿಲ್ಲ?
2. ಶಿಲ್ಪಿಗಳು ಮೇಲಿನಿಂದ ಕೆಳಕ್ಕೆ ಕಡೆದರೆಂದು ಹೇಗೆ ತಿಳಿಯಿತು?
3. ‘ಬರ್ಕ್‌ಹಾರ್ಟ್ ಪೆಟ್ರಾವನ್ನು ಕಂಡುಹಿಡಿದನು.’ ಈ ಮಾತು ಸರಿಯೇ? ನಿಮ್ಮ ಮಾತುಗಳಲ್ಲಿ ಬರೆಯಿರಿ.
4. ನಿಮ್ಮ ಊರಿನ ಹಳೆಯ ಬಾವಿ, ಕೆರೆ ಅಥವಾ ಒಡ್ಡನ್ನು ನೋಡಿ ಬನ್ನಿರಿ. ಅದನ್ನು ಯಾರು ಕಟ್ಟಿಸಿದರು, ಈಗ ಅದರಲ್ಲಿ ನೀರಿದೆಯೇ ಎಂದು ಹಿರಿಯರಿಂದ ಕೇಳಿ ತಿಳಿದುಕೊಳ್ಳಿರಿ.