ಗಡಿಯಲ್ಲಿ ನಿಲ್ಲಿಸಲ್ಪಟ್ಟವನ ದಿವಸಗಳು

ಶೃಂಗೇರಿಯಿಂದ ನೆಮ್ಮಾರ್, ಕೆರೆಕಟ್ಟೆಗಳ ಮೇಲೆ ಹೋಗುವ ಮಾರ್ಗವು ಘಟ್ಟವನ್ನಿಳಿದು ಕಾರ್ಕಳವನ್ನೂ ಮಂಗಳೂರನ್ನೂ ಸೇರುತ್ತದೆಂಬದನ್ನು ನಮ್ಮ ವಾಚಕರಲ್ಲಿ ಅನೇಕರು ಬಲ್ಲರು. ಆ ಮಾರ್ಗದಲ್ಲಿ ಎಸ್. ಕೆ. ಬಾರ್ಡರ್ ಎಂಬ ಸ್ಥಳವುಂಟು. 1956ರ ವರೆಗೆ ಮೈಸೂರು ಸೀಮೆಯು ಅಲ್ಲಿ ಮುಗಿದು, ಮದ್ರಾಸಿಗೆ ಸೇರಿದ ದಕ್ಷಿಣ ಕನ್ನಡವು ಆರಂಭವಾಗುತ್ತಿತ್ತು. ಆ ಎಲ್ಲೆಯು ಹೋಯಿತು, ಹೆಸರು ಉಳಿಯಿತು. ಆದರೆ 2020ನೇ ಇಸವಿಯಲ್ಲಿ ಕೊರೋನಾ ರೋಗವು ಹಬ್ಬಿದಾಗ ಜಿಲ್ಲೆಗಳ ಮೇರೆಗಳಲ್ಲಿಯೂ ತಪಾಸಣೆಯ ಗೇಟುಗಳು ಎದ್ದವು.

ಬರುವವನನ್ನು ತಡೆಯುವದು ಹೊಸ ಕ್ರಮವಲ್ಲ. 1896ರಲ್ಲಿ ಮುಂಬಯಿಯಲ್ಲಿ ತೋರಿದ ಪ್ಲೇಗು 1898ರಲ್ಲಿ ಬೆಂಗಳೂರನ್ನು ಮುಟ್ಟಿತು. ಆ ಕಾಲದಲ್ಲಿ ಮದ್ರಾಸು ಆಧಿಪತ್ಯದೊಳಗೆ, ರೋಗವಿದ್ದ ಊರಿನಿಂದ ಬಂದ ಪ್ರಯಾಣಿಕನಿಗೆ ಪ್ಲೇಗು ಪಾಸುಪೋರ್ಟು ಎಂಬ ಚೀಟಿಯನ್ನು ಕೊಡುತ್ತಿದ್ದರು. ಅವನು ಹತ್ತು ದಿವಸ ಪರೀಕ್ಷಕನಿಗೆ ತನ್ನನ್ನು ತೋರಿಸಿಕೊಳ್ಳಬೇಕಾಗಿತ್ತು.

ಈ ದಿವಸಗಳ ಲೆಕ್ಕವು ಯಾಕೆ? ಬಿತ್ತಿದ ಭತ್ತವು ಅದೇ ದಿನ ಮೊಳೆಯದ ಹಾಗೆ, ರೋಗದ ಬೀಜವು ದೇಹವನ್ನು ಹೊಕ್ಕ ದಿನವೇ ಜ್ವರವು ಬರುವದಿಲ್ಲ. ಕೊರೋನಾದ ಲಕ್ಷಣಗಳು ಆಗ ಹೆಚ್ಚಾಗಿ ಐದಾರು ದಿವಸಗಳಲ್ಲಿ, ಕೆಲವರಲ್ಲಿ ಹದಿನಾಲ್ಕು ದಿವಸಗಳ ವರೆಗೆ ತಡೆದು ತೋರಿದವು; ಅವು ತೋರುವದಕ್ಕೆ ಮುಂಚೆಯೂ ರೋಗವು ಮತ್ತೊಬ್ಬನಿಗೆ ಅಂಟುವದುಂಟು. ಆದದರಿಂದ ಸ್ವಸ್ಥನಾಗಿ ಕಾಣುವವನನ್ನೂ ನಿಲ್ಲಿಸಿದರು. 2020ರ ಮಾರ್ಚಿಯಲ್ಲಿ, ಪರದೇಶದಿಂದ ವಿಮಾನದಲ್ಲಿ ಬಂದಿಳಿದವರ ಕೈಯ ಮೇಲೆ ತಾರೀಖಿನ ಮುದ್ರೆಯನ್ನೊತ್ತಿದರು. ಜೂನಿನಲ್ಲಿ ಮಹಾರಾಷ್ಟ್ರದಿಂದ ಬಂದವರು ಏಳು ದಿವಸ ಹಾಸ್ಟೆಲು ಮೊದಲಾದ ಸ್ಥಳಗಳಲ್ಲಿ, ಬಳಿಕ ಏಳು ದಿವಸ ಮನೆಯಲ್ಲಿ ಪ್ರತ್ಯೇಕವಾಗಿರಬೇಕೆಂದು ನಿಯಮವಾಯಿತು.

ಯಾಜಕಕಾಂಡದ 13ನೇ ಅಧ್ಯಾಯವನ್ನು ಓದಿದವರಿಗೆ ಈ ಲೆಕ್ಕವು ಪರಿಚಯವಾದದ್ದೇ. ಅಲ್ಲಿ ಸಂದೇಹದ ಮಚ್ಚೆಯುಳ್ಳವನನ್ನು ಯಾಜಕನು ಏಳು ದಿವಸ ಪ್ರತ್ಯೇಕವಾಗಿಟ್ಟು ನೋಡುವನು. ಮತ್ತೂ ಏಳು ದಿವಸ ಇಡುವನು. ಆದರೆ ದಿವಸ ತುಂಬಿದಾಗ ಅವನು ತಾನೇ ಬಂದು ನೋಡಲೇ ಬೇಕು, ಮಚ್ಚೆಯು ಹಬ್ಬದಿದ್ದರೆ ಶುದ್ಧನೆಂದು ಹೇಳಲೇ ಬೇಕು. ನಿಯಮವು ಒಳಗಿದ್ದವನನ್ನು ಕಟ್ಟುವಂತೆಯೇ ಹೊರಗೆ ಕಾಯುವವನನ್ನೂ ಕಟ್ಟುತ್ತದೆ. ಹದಿನಾಲ್ಕು ದಿವಸ ತೀರಿಸಿ ಬಂದ ಕೂಲಿಯವನನ್ನು ಹದಿನೈದನೆಯ ದಿವಸವೂ ಬಾವಿಯ ಹತ್ತಿರ ಸೇರಿಸದವರು ರೋಗವನ್ನಲ್ಲ, ಅವನನ್ನೇ ತಡೆದರೆಂದು ನಾವು ಹೇಳುತ್ತೇವೆ.

ಇನ್ನು ದಿವಸಗಳ ಲೆಕ್ಕವೇ ಇಲ್ಲದ ತಡೆಯೊಂದುಂಟು. ಕಠಿಣವಾದ ರೋಗ ಬಂದರೆ ನೆಮ್ಮಾರಿನ ಕಡೆಯವರು ಮಂಗಳೂರಿಗೆ ಇಳಿಯುವ ಹಾಗೆ, ಕಾಸರಗೋಡಿನ ಕನ್ನಡಿಗರೂ ಮಲೆಯಾಳಿಗಳೂ ತಲಪಾಡಿಯನ್ನು ದಾಟಿ ಅದೇ ಊರಿನ ಆಸ್ಪತ್ರೆಗಳಿಗೆ ಬರುವರು. 2020ರ ಮಾರ್ಚಿಯ ಕಡೆಯಲ್ಲಿ ಕರ್ನಾಟಕವು ಆ ಗಡಿಯನ್ನು ಮುಚ್ಚಿತು. ಅನೇಕ ಮಾರ್ಗಗಳಿಗೆ ಮಣ್ಣನ್ನು ಸುರಿಯಿತು. ಕಾಸರಗೋಡಿನಲ್ಲಿ ಆಗ ರೋಗವು ಹೆಚ್ಚಾಗಿದ್ದದರಿಂದ ಭಯವು ನಿಷ್ಕಾರಣವಾಗಿರಲಿಲ್ಲ. ಆದರೂ ಮಣ್ಣಿನ ರಾಶಿಯು ಬಂದವನು ಯಾರೆಂದು ಕೇಳುವದೋ? ಬೇರೆ ವ್ಯಾಧಿಗಳಿಂದ ಬಳಲುತ್ತಿದ್ದ ಹಲವರು ಆಸ್ಪತ್ರೆಯನ್ನು ಮುಟ್ಟದೆ ಸತ್ತರು. ಏಪ್ರಿಲ್ 1ರಂದು ಕೇರಳದ ಹೈಕೋರ್ಟು ತಡೆಯನ್ನು ತೆಗೆಯಿಸಬೇಕೆಂದು ಕೇಂದ್ರ ಸರಕಾರಕ್ಕೆ ಆಜ್ಞಾಪಿಸಿತು. ವ್ಯಾಜ್ಯವು ಸುಪ್ರೀಂ ಕೋರ್ಟಿಗೂ ಹೋಯಿತು. ಎರಡು ರಾಜ್ಯಗಳೂ ಒಪ್ಪಿದ ಕ್ರಮವೊಂದನ್ನು ಏಪ್ರಿಲ್ 7ರಂದು ಅಲ್ಲಿ ತಿಳಿಸಿದರು. ಅದೇನಂದರೆ, ತಲಪಾಡಿಯಲ್ಲಿ ರೋಗಿಯನ್ನು ಪರೀಕ್ಷಿಸಿ ಮಂಗಳೂರಿಗೆ ಹೋಗಗೊಡಿಸುವದು.