ಥೈರಾಯ್ಡ್ ಚಿಕಿತ್ಸೆ ಮುಗಿಯಿತು, ಮುಂದೇನು?

(ಸಂಘದ ಸಭೆಯಲ್ಲಿ ಒಬ್ಬರು ಓದಿ, ಎಲ್ಲರೂ ಕೂಡಿ ಚರ್ಚಿಸಲು)



ಥೈರಾಯ್ಡ್ ಎಂಬ ಮಾತು ಈಗ ವಡ್ಡು ಮತ್ತು ಸುತ್ತಲಿನ ಹಳ್ಳಿಗಳಿಗೂ ಹೊಸದಲ್ಲ. ಇದು ನಮ್ಮ ಕುತ್ತಿಗೆಯ ಮುಂಭಾಗದಲ್ಲಿ ಚಿಟ್ಟೆಯ ಆಕಾರದಲ್ಲಿರುವ ಒಂದು ಸಣ್ಣ ಗ್ರಂಥಿ. ಇದರ ರಸ ದೇಹದ ವೇಗವನ್ನು ನಡೆಸುತ್ತದೆ. ರಸ ಹೆಚ್ಚಾದರೆ ಒಲೆಗೆ ಸೌದೆ ಜಾಸ್ತಿ ತುರುಕಿದಂತೆ ಆಗುತ್ತದೆ. ಎದೆ ಡವಡವ ಹೊಡೆಯುವುದು, ಕೈ ನಡುಗುವುದು, ಬೆವರುವುದು, ಎಷ್ಟು ಉಂಡರೂ ತೂಕ ಇಳಿಯುವುದು, ಸುಮ್ಮಸುಮ್ಮನೆ ಸಿಟ್ಟು ಬರುವುದು, ಮುಟ್ಟು ಏರುಪೇರಾಗುವುದು ಇದರ ಲಕ್ಷಣಗಳು.

ಈ ಕಾಯಿಲೆಗೆ ಒಳ್ಳೆಯ ಚಿಕಿತ್ಸೆ ಇದೆ. ಆದರೆ ಚಿಕಿತ್ಸೆ ಆದ ಮೇಲೆ ಹೇಗೆ ಬಾಳಬೇಕು ಎಂಬುದನ್ನು ಯಾರೂ ಕೂತು ಹೇಳುವುದಿಲ್ಲ. ಈ ಸಲ ನಾವು ಅದನ್ನೇ ಕಲಿಯೋಣ.

ಮೂರು ಬಗೆಯ ಚಿಕಿತ್ಸೆ

1. ಕಾರ್ಬಿಮಜೋಲ್‌ನಂಥ ಗುಳಿಗೆ. ಸಾಮಾನ್ಯವಾಗಿ 12ರಿಂದ 18 ತಿಂಗಳು ನುಂಗಬೇಕು. ನಿಲ್ಲಿಸಿದ ಮೇಲೆ ಸುಮಾರು ಅರ್ಧದಷ್ಟು ಜನರಿಗೆ ಕಾಯಿಲೆ ತಿರುಗಿ ಬರಬಹುದು. ಆದ್ದರಿಂದ ರಕ್ತ ಪರೀಕ್ಷೆ ಬಿಡಬಾರದು.

2. ರೇಡಿಯೋ ಅಯೋಡಿನ್. ಇದನ್ನು ಬಾಯಿಂದ ಕೊಡುತ್ತಾರೆ. ಮುಂದಿನ ತಿಂಗಳುಗಳಲ್ಲಿ ಹೆಚ್ಚಿನವರ ಗ್ರಂಥಿ ಕೆಲಸ ನಿಲ್ಲಿಸುತ್ತದೆ. ವೈದ್ಯರು ಹೇಳಿದಷ್ಟು ದಿನ ಚಿಕ್ಕ ಮಕ್ಕಳು ಮತ್ತು ಬಸುರಿಯರಿಂದ ದೂರ ಇರಬೇಕು. ಕನಿಷ್ಠ 6 ತಿಂಗಳು ಗರ್ಭ ಧರಿಸಬಾರದು.

3. ಶಸ್ತ್ರಚಿಕಿತ್ಸೆ. ಗ್ರಂಥಿಯನ್ನು ಪೂರ್ತಿ ತೆಗೆದರೆ ಜೀವನಪೂರ್ತಿ ಥೈರಾಕ್ಸಿನ್ ಗುಳಿಗೆ ಬೇಕು.

ಇದು ಅಂಟುರೋಗವಲ್ಲ, ಯಾರ ಶಾಪವೂ ಅಲ್ಲ. ಅಮೆರಿಕದ ಅಧ್ಯಕ್ಷರಾಗಿದ್ದ ಹಿರಿಯ ಜಾರ್ಜ್ ಬುಷ್ ಅವರಿಗೆ 1991ರಲ್ಲಿ ಇದೇ ಕಾಯಿಲೆ ಬಂದಿತ್ತು. ಅವರ ಹೆಂಡತಿಗೂ ಇತ್ತು. ಅವರು ರೇಡಿಯೋ ಅಯೋಡಿನ್ ಪಡೆದು, ಅಧ್ಯಕ್ಷರ ಕೆಲಸವನ್ನು ಮುಂದುವರಿಸಿದರು.

ನಿಧಾನವಾದರೆ ಅದು ಸೋಮಾರಿತನವಲ್ಲ

ಕಾಯಿಲೆ ಇದ್ದಾಗ ಐದು ರೊಟ್ಟಿ ಉಂಡರೂ ಮೈಗೆ ಹತ್ತುತ್ತಿರಲಿಲ್ಲ. ಚಿಕಿತ್ಸೆ ಆದ ಮೇಲೆ ದೇಹದ ವೇಗ ಇಳಿಯುತ್ತದೆ, ಊಟದ ರೂಢಿ ಮಾತ್ರ ಹಾಗೇ ಇರುತ್ತದೆ. ಅದಕ್ಕೇ ತೂಕ ಏರುತ್ತದೆ. "ಏನವ್ವಾ, ಇಷ್ಟು ದಪ್ಪ ಆಗೀಯಲ್ಲ" ಎಂಬ ಒಂದು ಮಾತಿಗೆ ಎಷ್ಟೋ ಹೆಣ್ಣುಮಕ್ಕಳು ಗುಳಿಗೆ ಬಿಟ್ಟುಬಿಡುತ್ತಾರೆ. ಇದು ದೊಡ್ಡ ತಪ್ಪು. ಥೈರಾಕ್ಸಿನ್ ಬಿಟ್ಟರೆ ತೂಕ ಇನ್ನೂ ಏರುತ್ತದೆ.

ರಸ ಕಡಿಮೆಯಾದರೆ ಸುಸ್ತು, ಚಳಿ, ಮಲಬದ್ಧತೆ, ಮುಟ್ಟಿನಲ್ಲಿ ಹೆಚ್ಚು ರಕ್ತಸ್ರಾವ, ಮನಸ್ಸಿಗೆ ಬೇಸರ ಬರುತ್ತವೆ. ಮೊದಲು ಓಡಾಡಿ ಕೆಲಸ ಮಾಡುತ್ತಿದ್ದವಳು ಈಗ ಕೂತಲ್ಲೇ ಕೂರುತ್ತಾಳೆ. ಮನೆಯವರು "ಆಸ್ಪತ್ರೆಗೆ ಅಷ್ಟು ಖರ್ಚು ಮಾಡೀವಿ, ಇನ್ನೂ ನಾಟಕ ಮಾಡ್ತಾಳ" ಅಂತಾರೆ. ಆಕೆಗೆ ಬೇಕಾದ್ದು ಬೈಗುಳವಲ್ಲ, ರಕ್ತ ಪರೀಕ್ಷೆ.

ಥೈರಾಕ್ಸಿನ್ ನುಂಗುವ ಕ್ರಮ

- ಬೆಳಿಗ್ಗೆ ಎದ್ದ ಕೂಡಲೇ ಖಾಲಿ ಹೊಟ್ಟೆಯಲ್ಲಿ ಬರೀ ನೀರಿನ ಜೊತೆ ನುಂಗಿ. ಚಹಾ, ತಿಂಡಿ ಅರ್ಧದಿಂದ ಒಂದು ಗಂಟೆ ಬಿಟ್ಟು.
- ಆಶಾ ಕಾರ್ಯಕರ್ತೆ ಕೊಡುವ ಕಬ್ಬಿಣಾಂಶದ ಗುಳಿಗೆ ಮತ್ತು ಕ್ಯಾಲ್ಸಿಯಂ ಗುಳಿಗೆಗೆ 4 ಗಂಟೆ ಅಂತರ ಇರಲಿ. ಮಧ್ಯಾಹ್ನ ಊಟದ ನಂತರ ನುಂಗಿದರೆ ಸರಿಹೋಗುತ್ತದೆ.
- ಗುಳಿಗೆಯ ಪ್ರಮಾಣ ಬದಲಿಸಿದ 6ರಿಂದ 8 ವಾರಕ್ಕೆ ಟಿಎಸ್‌ಎಚ್ ಪರೀಕ್ಷೆ ಮಾಡಿಸಿ. ಎಲ್ಲ ಸರಿಯಾದ ಮೇಲೆ ವರ್ಷಕ್ಕೊಮ್ಮೆಯಾದರೂ ಮಾಡಿಸಬೇಕು.
- ಹೆಚ್ಚು ನುಂಗಿದರೆ ಬೇಗ ಗುಣವಾಗುವುದಿಲ್ಲ. ಎದೆ ಬಡಿತ ಏರುತ್ತದೆ, ಮೂಳೆ ಸವೆಯುತ್ತದೆ.
- ಗರ್ಭ ನಿಂತಿದೆ ಎಂದು ಗೊತ್ತಾದ ಕೂಡಲೇ ವೈದ್ಯರಿಗೆ ಹೇಳಿ. ಪ್ರಮಾಣ ಹೆಚ್ಚಿಸಬೇಕಾಗುತ್ತದೆ. ನೀವಾಗಿ ನಿಲ್ಲಿಸಬೇಡಿ.

"ಗುಳಿಗೆ ಚಟ ಆಗ್ತದ" ಎಂಬ ಹೆದರಿಕೆ ಬೇಡ. ದೇಹ ತಾನೇ ಮಾಡಿಕೊಳ್ಳುತ್ತಿದ್ದ ರಸವನ್ನೇ ನಾವು ಹೊರಗಿನಿಂದ ಕೊಡುತ್ತೇವೆ. ಅಡುಗೆಗೆ ಅಯೋಡಿನ್ ಉಪ್ಪನ್ನು ಎಂದಿನಂತೆ ಹಿತಮಿತವಾಗಿ ಬಳಸಿ. ಬೇಯಿಸಿದ ಕೋಸು ಬಿಡಬೇಕಾಗಿಲ್ಲ.

ಇವು ಕಂಡರೆ ಕಾಯಬೇಡಿ

ಕಾರ್ಬಿಮಜೋಲ್ ನುಂಗುವಾಗ ಜ್ವರ ಮತ್ತು ಗಂಟಲು ನೋವು ಬಂದರೆ ಗುಳಿಗೆ ನಿಲ್ಲಿಸಿ, ಅದೇ ದಿನ ಆಸ್ಪತ್ರೆಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಬೇಕು. ಶಸ್ತ್ರಚಿಕಿತ್ಸೆ ಆದವರಿಗೆ ತುಟಿ, ಬೆರಳು ಜುಮುಜುಮು ಎಂದರೆ ಕ್ಯಾಲ್ಸಿಯಂ ಕಡಿಮೆಯಾಗಿರಬಹುದು. ಕಣ್ಣು ನೋವು, ದೃಷ್ಟಿ ಮಂಜಾಗುವುದು, ಒಂದು ವಸ್ತು ಎರಡಾಗಿ ಕಾಣುವುದು ಇದ್ದರೂ ತಡಮಾಡಬೇಡಿ. ಬೀಡಿ, ಸಿಗರೇಟು ಸೇದಿದರೆ ಈ ಕಣ್ಣಿನ ತೊಂದರೆ ಹೆಚ್ಚುತ್ತದೆ.

ಸಂಘ ಏನು ಮಾಡಬಹುದು?

ಬಳ್ಳಾರಿಗೆ ಹೋಗಿ ಬರುವುದೆಂದರೆ ಒಂದು ದಿನದ ಕೂಲಿ ಹೋದಂತೆ. ಅದಕ್ಕೇ ಎಷ್ಟೋ ಜನ ಪರೀಕ್ಷೆ ಮುಂದೂಡುತ್ತಾರೆ. ಪರೀಕ್ಷೆಯ ತಾರೀಖನ್ನು ಉಳಿತಾಯ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದಿಡಿ. ಕಂತು ಕಟ್ಟುವಾಗ ಅದು ಕಣ್ಣಿಗೆ ಬೀಳುತ್ತದೆ. ಖರ್ಚಿಗೆ ಬಡ್ಡಿಗೆ ಕೈಚಾಚುವ ಬದಲು ಸಂಘದಿಂದ ಸಣ್ಣ ಸಾಲ ಕೊಡಿ. ಜನೌಷಧಿ ಅಂಗಡಿಯಲ್ಲಿ ಗುಳಿಗೆ ಕಡಿಮೆ ಬೆಲೆಗೆ ಸಿಗುತ್ತದೆಯೇ ಎಂದು ವಿಚಾರಿಸಿ. ಸುಸ್ತಿನಿಂದ ಸಭೆಗೆ ಬಾರದವಳಿಗೆ ದಂಡ ಹಾಕುವ ಮೊದಲು ಒಬ್ಬರು ಆಕೆಯ ಮನೆಗೆ ಹೋಗಿ ಬನ್ನಿ.

ಚರ್ಚೆಗೆ

1. ನಮ್ಮ ಸಂಘದಲ್ಲಿ ಥೈರಾಯ್ಡ್ ಗುಳಿಗೆ ನುಂಗುವವರು ಯಾರು? ಕೊನೆಯ ರಕ್ತ ಪರೀಕ್ಷೆ ಯಾವಾಗ ಆಯಿತು?
2. ಯಾರಾದರೂ ಗುಳಿಗೆ ಬಿಟ್ಟಿದ್ದಾರೆಯೇ? ಏಕೆ?
3. ಮುಂದಿನ ಪರೀಕ್ಷೆಗೆ ಅವರ ಜೊತೆ ಯಾರು ಹೋಗುತ್ತೀರಿ? ಹೆಸರನ್ನು ಇವತ್ತೇ ನಡಾವಳಿ ಪುಸ್ತಕದಲ್ಲಿ ಬರೆಯಿರಿ.