‘ಮಗನಿಗೆ ಹೇಳಬೇಡಿ’: ಹಿರಿಯರ ಸಹಾಯವಾಣಿಯಲ್ಲಿ ಕಲಿತದ್ದು

ಬೆಂಗಳೂರಿನಲ್ಲಿ ಹಿರಿಯರಿಗೆಂದೇ 1090 ಸಹಾಯವಾಣಿ ಶುರುವಾದದ್ದು 2002ರಲ್ಲಿ. ಈಗ ದೇಶಕ್ಕೆಲ್ಲ 14567 ಇದೆ. ಇಂಥ ಫೋನಿನ ಈಚೆ ತುದಿಯಲ್ಲಿ ಕೂತು ಆಪ್ತಸಮಾಲೋಚನೆ ಮಾಡುವವಳು ನಾನು. ದುಡ್ಡು ಕಳಕೊಂಡವರು, ಮನೆಯಲ್ಲೇ ಏಟು ತಿಂದವರು, ಆಸ್ತಿ ಬರೆದುಕೊಟ್ಟು ಬೀದಿಗೆ ಬಂದವರು, ಹೀಗೆ ಯಾರೇ ಆಗಲಿ, ಕಷ್ಟ ಹೇಳಿ ಮುಗಿಸಿದ ಮೇಲೆ ಕೇಳಿಕೊಳ್ಳುವುದು ಮಾತ್ರ ಒಂದೇ: ‘ಮಗನಿಗೆ ಹೇಳಬೇಡಿ ಮೇಡಂ.’

1. ಮೋಸ ಹೋದವರಲ್ಲಿ ದಡ್ಡರು ಕಡಿಮೆ

‘ಡಿಜಿಟಲ್ ಅರೆಸ್ಟ್’ಗೆ ಸಿಕ್ಕಿಬಿದ್ದು ಕರೆ ಮಾಡುವವರಲ್ಲಿ ನಿವೃತ್ತ ಬ್ಯಾಂಕ್ ಅಧಿಕಾರಿಗಳು, ಎಂಜಿನಿಯರುಗಳು, ಮೇಷ್ಟ್ರುಗಳು ಇರುತ್ತಾರೆ. ಇಡೀ ಸರ್ವಿಸ್‌ನಲ್ಲಿ ಒಂದು ಮೆಮೊ ಪಡೆಯದವರಿಗೆ ‘ನಿಮ್ಮ ಆಧಾರ್ ಮನಿ ಲಾಂಡರಿಂಗ್ ಕೇಸಿನಲ್ಲಿದೆ’ ಎಂಬ ಮಾತೇ ಸಾಕು, ಕೈಕಾಲು ಬಿದ್ದುಹೋಗುತ್ತದೆ. ಯೂನಿಫಾರಂ ಹಾಕಿದವನು ವಿಡಿಯೊ ಕಾಲ್‌ನಲ್ಲಿ ಹೇಳುತ್ತಾನೆ: ಕ್ಯಾಮೆರಾ ಆಫ್ ಮಾಡಬೇಡಿ, ಇದು ರಾಷ್ಟ್ರದ ರಹಸ್ಯ, ಮನೆಯವರಿಗೂ ತಿಳಿಸಬೇಡಿ, ಹಣವನ್ನು ಪರಿಶೀಲನೆಗಾಗಿ ಈ ಖಾತೆಗೆ ಹಾಕಿ. 2024ರ ಅಕ್ಟೋಬರ್‌ನಲ್ಲಿ ಪ್ರಧಾನಿಯವರು ‘ಮನ್ ಕಿ ಬಾತ್’ನಲ್ಲಿ ಉದಾಹರಣೆಗೆ ಕೇಳಿಸಿದ್ದು ವಿಜಯಪುರದವರೊಬ್ಬರಿಗೆ ಬಂದಿದ್ದ ಇಂಥದೇ ಕರೆಯನ್ನು. ಈ ಇಡೀ ನಾಟಕ ನಿಂತಿರುವುದು ‘ಮನೆಯವರಿಗೆ ತಿಳಿಸಬೇಡಿ’ ಎಂಬ ಒಂದು ಸಾಲಿನ ಮೇಲೆ. ಅದನ್ನು ಹಿರಿಯರು ಯಾಕೆ ಅಷ್ಟು ಸುಲಭವಾಗಿ ಪಾಲಿಸುತ್ತಾರೆ ಎಂದರೆ, ಹೇಳಿದರೆ ಮನೆಯಲ್ಲಿ ಬೈಗುಳ ಬೀಳುತ್ತದೆ ಎಂದು ಮೊದಲೇ ಗೊತ್ತಿರುತ್ತದೆ.

2. ‘ಹುಷಾರಾಗಿರಿ’ ಎಂದರೆ ಏನೂ ಹೇಳಿದಂತಲ್ಲ

ಅದರ ಬದಲು ನಾನು ಕಾನೂನು ಹೇಳಿಕೊಡುತ್ತೇನೆ. ವಿಡಿಯೊ ಕಾಲ್‌ನಲ್ಲಿ ಬಂಧಿಸುವ ಅಧಿಕಾರ ಈ ದೇಶದಲ್ಲಿ ಯಾರಿಗೂ ಇಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 179ನೇ ಕಲಮಿನ ಪ್ರಕಾರ 60 ದಾಟಿದ ಗಂಡಸರನ್ನೂ, ಯಾವ ವಯಸ್ಸಿನ ಹೆಂಗಸರನ್ನೂ ಸಾಕ್ಷಿ ಹೇಳಲು ಠಾಣೆಗೆ ಬನ್ನಿ ಎನ್ನುವಂತಿಲ್ಲ. ಪೊಲೀಸರೇ ಮನೆಗೆ ಬರಬೇಕು. 35ನೇ ಕಲಮಿನಲ್ಲಿ ಇನ್ನೊಂದಿದೆ: ಮೂರು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧವಾದರೆ 60 ದಾಟಿದವರನ್ನು ಬಂಧಿಸಲು ಡಿವೈಎಸ್‌ಪಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಯ ಅನುಮತಿ ಬೇಕು. ಇವನ್ನು ದಪ್ಪಕ್ಷರದಲ್ಲಿ ಬರೆದು ಫೋನಿನ ಹತ್ತಿರ ಅಂಟಿಸಿಕೊಂಡ ನಿವೃತ್ತ ಹೆಡ್‌ಮೇಷ್ಟ್ರೊಬ್ಬರು ‘ಸಿಬಿಐ’ನವನಿಗೆ ಕಲಮಿನ ನಂಬರ್ ಕೇಳಿ ಬೆವರಿಳಿಸಿದರಂತೆ. ಹೆದರಿಕೆ ಇದ್ದ ಕಡೆ ಸ್ವಲ್ಪ ಜಂಬ ಬಂದರೆ ಅರ್ಧ ಕೆಲಸ ಆದಂತೆ.

3. ಹೆಬ್ಬೆಟ್ಟಿಗೂ ಬೀಗ ಹಾಕಿ

ಆಧಾರ್ ಮತ್ತು ಬೆರಳಚ್ಚಿನಿಂದ ಹಣ ತೆಗೆಯುವ ವ್ಯವಸ್ಥೆಗೆ ಒಟಿಪಿ ಬೇಡ. 2023ರಲ್ಲಿ ಸೈಟು, ಮನೆ ನೋಂದಣಿ ಮಾಡಿಸಿದ ಹಲವರ ಖಾತೆಯಿಂದ ಹಣ ಹೋಗಿತ್ತು. ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚನ್ನೇ ಕಳ್ಳರು ನಕಲು ಮಾಡಿದ್ದರು. ಆಧಾರ್ ಆ್ಯಪ್‌ನಲ್ಲಿ ಬಯೊಮೆಟ್ರಿಕ್ ಲಾಕ್ ಮಾಡಬಹುದು, ಬೇಕಾದಾಗ ತೆಗೆಯಬಹುದು. ಮೊಮ್ಮಕ್ಕಳು ಐದು ನಿಮಿಷದಲ್ಲಿ ಮಾಡಿಕೊಡುತ್ತಾರೆ.

4. ಬೀದಿಯ ಕಳ್ಳ ಇನ್ನೂ ಹೋಗಿಲ್ಲ

ಒಡವೆಗೆ ಪಾಲಿಶ್ ಹಾಕುತ್ತೇನೆಂದು ಆ್ಯಸಿಡ್‌ನಲ್ಲಿ ಚಿನ್ನ ಕರಗಿಸಿಕೊಳ್ಳುವವನು, ‘ಮುಂದೆ ಗಲಾಟೆಯಾಗಿದೆ ಅಜ್ಜಿ, ಸರ ಬಿಚ್ಚಿ ಪೊಟ್ಟಣ ಕಟ್ಟಿಕೊಳ್ಳಿ’ ಎನ್ನುವ ನಕಲಿ ಪೊಲೀಸ್, ಎಟಿಎಂನಲ್ಲಿ ಸಹಾಯ ಮಾಡಿ ಕಾರ್ಡ್ ಬದಲಿಸುವವನು. ಹಳೆಯ ವಿದ್ಯೆಗಳು, ಈಗಲೂ ನಡೆಯುತ್ತಿವೆ.

5. ಹೊಡೀತಾರಾ ಎಂದು ಕೇಳಬೇಡಿ

ಯಾವ ತಾಯಿಯೂ ಹೌದು ಎನ್ನುವುದಿಲ್ಲ. ‘ಕುಡಿದಾಗ ಮಾತ್ರ ಹಾಗಮ್ಮಾ, ಬಾಕಿ ಹೊತ್ತು ಚಿನ್ನದಂಥ ಹುಡುಗ’ ಎನ್ನುತ್ತಾರೆ. ನಾನು ಕೇಳುವುದು ಬೇರೆ: ರಾತ್ರಿ ಊಟ ಎಷ್ಟು ಗಂಟೆಗೆ? ಯಾರು ಬಡಿಸ್ತಾರೆ? ಪೆನ್ಷನ್ ಬಂದ ದಿನ ಪಾಸ್‌ಬುಕ್ ಯಾರ ಕೈಯಲ್ಲಿರುತ್ತೆ? ಉತ್ತರ ತಡವಾದರೆ, ಅಥವಾ ಹಿಂದಿನಿಂದ ಇನ್ನೊಬ್ಬರು ಉತ್ತರ ಹೇಳಿಕೊಟ್ಟರೆ, ಫೋನ್ ಸ್ಪೀಕರಿನಲ್ಲಿದೆ ಎಂದು ಅರ್ಥ. ಆಗ ಔಷಧಿಯ ವಿಚಾರ ಮಾತಾಡಿ ಇಟ್ಟುಬಿಡುತ್ತೇನೆ, ಮಗ ಕೆಲಸಕ್ಕೆ ಹೋದ ಹೊತ್ತು ನೋಡಿ ಮತ್ತೆ ಮಾಡುತ್ತೇನೆ. ನೆರೆಹೊರೆಯವರು ಗಾಯವೇ ಕಾಣಬೇಕೆಂದು ಕಾಯಬಾರದು. ಒಡೆದ ಕನ್ನಡಕ ತಿಂಗಳುಗಟ್ಟಲೆ ಹಾಗೇ ಇದ್ದರೆ, ಕಿವಿಯ ಮೆಷಿನ್ನಿಗೆ ಬ್ಯಾಟರಿ ಹಾಕಿಸದಿದ್ದರೆ, ದಿನಾ ದೇವಸ್ಥಾನಕ್ಕೆ ಬರುತ್ತಿದ್ದವರು ಬರದಿದ್ದರೆ ಒಮ್ಮೆ ಹೋಗಿ ಬಾಗಿಲು ತಟ್ಟಿ.

6. ದಾನಪತ್ರಕ್ಕೆ ಮೊದಲು ಒಂದು ಷರತ್ತು

ಸಬ್‌ರಿಜಿಸ್ಟ್ರಾರ್ ಕಚೇರಿಯ ಹೊರಗೆ ಪತ್ರ ಬರಹಗಾರರು ಟೈಪ್ ಮಾಡುವ ದಾನಪತ್ರಗಳಲ್ಲಿ ‘ಪ್ರೀತಿ ವಿಶ್ವಾಸಪೂರ್ವಕವಾಗಿ’ ಎಂದಿರುತ್ತದೆ. ಊಟ, ಔಷಧ, ವಾಸಕ್ಕೆ ಜಾಗ ಕೊಟ್ಟು ನೋಡಿಕೊಳ್ಳತಕ್ಕದ್ದು ಎಂಬ ಸಾಲು ಎಷ್ಟೋ ಸಲ ಇರುವುದಿಲ್ಲ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮಿನಂತೆ, ನೋಡಿಕೊಳ್ಳುವ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು, ಷರತ್ತು ಮುರಿದರೆ, ವಾಪಸ್ ಪಡೆಯಬಹುದು. ಷರತ್ತು ಇತ್ತೆಂದು ತೋರಿಸಲೇಬೇಕು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿತು. 2025ರ ಜನವರಿಯಲ್ಲಿ, ಊರ್ಮಿಳಾ ದೀಕ್ಷಿತ್ ಪ್ರಕರಣದಲ್ಲಿ, ಈ ಕಾಯ್ದೆಯನ್ನು ಹಿರಿಯರ ಪರವಾಗಿ ಉದಾರವಾಗಿ ಅರ್ಥೈಸಬೇಕು ಎಂದು ತಾಯಿಗೆ ಆಸ್ತಿ ಮರಳಿಸಿತು. ಕೋರ್ಟಿನ ಔದಾರ್ಯವನ್ನು ನಂಬಿ ಕೂರುವುದಕ್ಕಿಂತ ಆ ಒಂದು ಸಾಲು ಬರೆಸಿಕೊಳ್ಳುವುದು ಅಗ್ಗ. ಅದಕ್ಕಿಂತ ಒಳ್ಳೆಯದು ವಿಲ್: ಬದುಕಿರುವತನಕ ಬದಲಾಯಿಸಬಹುದು. ಮಕ್ಕಳಿಗೆ ಈ ಸಲಹೆ ಹಿಡಿಸುವುದಿಲ್ಲ, ಗೊತ್ತು.

ಇದೇ ಕಾಯ್ದೆಯಡಿ ಮಕ್ಕಳಿಂದ ಜೀವನಾಂಶ ಕೇಳುವ ಅರ್ಜಿ ಹೋಗಬೇಕಾದದ್ದು ಉಪವಿಭಾಗಾಧಿಕಾರಿಗೆ, ಅಂದರೆ ಎ.ಸಿ. ಕಚೇರಿಗೆ. ವಕೀಲರು ಬೇಕಿಲ್ಲ. ಗರಿಷ್ಠ ತಿಂಗಳಿಗೆ 10,000 ರೂಪಾಯಿ. ಇಂದಿನ ಔಷಧದ ಬೆಲೆಗೆ ಇದು ಏನೂ ಅಲ್ಲ. ಆದರೂ ನೋಟಿಸ್ ಹೋದ ಮೇಲೆ ಅಮ್ಮನ ತಟ್ಟೆಗೆ ಅನ್ನ ಹೊತ್ತಿಗೆ ಸರಿಯಾಗಿ ಬಿದ್ದದ್ದನ್ನು ಕಂಡಿದ್ದೇನೆ.

7. ಹಣ ಹೋದ ಮೇಲೆ

ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಮೊದಲ ಒಂದೆರಡು ಗಂಟೆಯೊಳಗೆ ದೂರು ಕೊಟ್ಟರೆ ಹಣ ಇನ್ನೂ ಯಾರದೋ ಬಾಡಿಗೆ ಖಾತೆಯಲ್ಲಿ ಸಿಕ್ಕಿ ತಡೆಹಿಡಿಯಲ್ಪಡುವ ಸಾಧ್ಯತೆ ಇದೆ. ವಾಟ್ಸ್‌ಆ್ಯಪ್ ಚಾಟ್ ಅಳಿಸಬೇಡಿ. ನಾಚಿಕೆಗೆ ಅಳಿಸಿಬಿಡುವವರೇ ಹೆಚ್ಚು. ಆಮೇಲೆ ‘ನಿಮ್ಮ ಹಣ ವಾಪಸ್ ಕೊಡಿಸುತ್ತೇವೆ, ಮೊದಲು ಫೀಸ್ ಕಟ್ಟಿ’ ಎಂದು ಇನ್ನೊಂದು ಕರೆ ಬರುತ್ತದೆ. ಅದೂ ಮೋಸವೇ.

ಇನ್ನು ಮಕ್ಕಳಿಗೆ. ‘ಅಷ್ಟೂ ಬುದ್ಧಿ ಬೇಡವಾ?’ ಎಂದು ಒಮ್ಮೆ ಕೂಗಾಡಿದರೆ ಮುಂದಿನ ಸಲ ಅಪ್ಪ ನಿಮಗೆ ಹೇಳುವುದಿಲ್ಲ, ವಂಚಕನಿಗೆ ಬೇಕಾದದ್ದೂ ಅದೇ. ಸ್ಮಾರ್ಟ್‌ಫೋನ್, ಪಾಸ್‌ಬುಕ್ ಎಲ್ಲ ಕಿತ್ತುಕೊಂಡು ‘ಸೇಫ್’ ಮಾಡಿದ ಮನೆಗಳಿಂದ ಬರುವ ಕರೆಗಳು ಬೇರೆಯವು: ಮಾತ್ರೆಗೆ ಸೊಸೆಯ ಹತ್ತಿರ ದುಡ್ಡು ಕೇಳಬೇಕಲ್ಲಾ ಮೇಡಂ ಎಂದು. ಫಿಕ್ಸೆಡ್ ಡೆಪಾಸಿಟ್ ಇರುವ ಖಾತೆಗೆ ನೆಟ್‌ಬ್ಯಾಂಕಿಂಗ್, ಯುಪಿಐ ಎರಡೂ ಬೇಡ. ತಿಂಗಳ ಖರ್ಚಿಗೆ ಇನ್ನೊಂದು ಸಣ್ಣ ಖಾತೆ ಮಾಡಿಸಿ, ಅದರ ಕಾರ್ಡು, ಫೋನು ಅವರ ಬಳಿಯೇ ಇರಲಿ, ಅದರ ಲೆಕ್ಕ ಕೇಳಬೇಡಿ.